ಸಿಂಗಾಪುರಕ್ಕೆ ಹೊರಟ ತಾತ

"ಏ ಭಾನು, ನಿಮ್ಮ ತಾತ ಎಲೆಕ್ಷನ್‌ಗೆ ನಿಂತವ್ರೇನೇ?"

ಗೆಳತಿ ಅತಿಯಾ ಕೈ ತೋರಿಸಿದ ಕಡೆ ನೋಡಿದ ಭಾನುಪ್ರಿಯ ಐಸ್‌ಕ್ಯಾಂಡಿ ಚೀಪುವುದನ್ನೇ ಮರೆತಳು. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಎದುರಿಗೆ ಎರಡು ಲೈಟ್ ಕಂಬಕ್ಕೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬಾ ತಾತ! ತಲೆಗೆ ಪೇಟ, ಕೆನ್ನೆ ಗುಲಾಬಿ ಬಣ್ಣ. ತಾತನ ಕೆನ್ನೆ ಹುಟ್ಟಿದಾಗಿನಿಂದ ಗುಲಾಬಿ ಆಗಿದ್ದಿಲ್ಲ. ಕಂಪ್ಯೂಟರಿನವನು ಬಳಿದಿದ್ದ. ತಾತನ ಹಿಂದೆ ಒಂದು ವಿಮಾನ ಬೇರೆ ಹಾರುತ್ತಿತ್ತು.

ಅತಿಯಾ ನಿಂತಲ್ಲೇ ಜೋರಾಗಿ ಓದಿದಳು. "ಹೆಚ್ಚಿನ ಚಿಕಿತ್ಸೆಗಾಗಿ ಸಿಂಗಾಪುರಕ್ಕೆ ತೆರಳುತ್ತಿರುವ ಸನ್ಮಾನ್ಯ ಶ್ರೀ ಬೋರಲಿಂಗಯ್ಯನವರಿಗೆ ಹಾರ್ದಿಕ ಶುಭಾಶಯಗಳು. ಅಬ್ಬಾ! ಕೆಳಗಡೆ ಇಷ್ಟೊಂದು ತಲೆ ಯಾರ್ದು?"

"ಶುಭ ಕೋರುವವರದು."

"ಈ ದೊಡ್ಡ ತಲೆ?"

"ಅದು ನಮ್ಮ ದೊಡ್ಡಪ್ಪ."

ದೇವರಾಜು ದೊಡ್ಡಪ್ಪನ ತಲೆ ತಾತನ ತಲೆಗಿಂತ ದೊಡ್ಡದಾಗಿತ್ತು. ಮೇಲೆ ಕೂಲಿಂಗ್ ಗ್ಲಾಸು. ಹೈವೇ ಪಕ್ಕದ ಜಮೀನು ನಟ್ಟು ಬೋಲ್ಟಿನ ಫ್ಯಾಕ್ಟರಿಗೆ ಹೋದ ಮೇಲೆ ದೊಡ್ಡಪ್ಪ ಒಂದು ಬಿಳಿ ಕಾರು ತಗೊಂಡ, ಒಂದು ಚಿನ್ನದ ಚೈನು ತಗೊಂಡ, ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಆಸೆಯನ್ನೂ ತಗೊಂಡ. ಅವತ್ತಿನಿಂದ ಊರಲ್ಲಿ ಏನೇ ಆದರೂ ಫ್ಲೆಕ್ಸೇ. ಹಬ್ಬಕ್ಕೆ ಫ್ಲೆಕ್ಸು, ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಬೋರ್‌ವೆಲ್ಲಿನಲ್ಲಿ ನೀರು ಬಂದರೆ ಅದಕ್ಕೂ ಫ್ಲೆಕ್ಸು. ಈಗ ಕಾಯಿಲೆಗೂ ಬಂತು ನೋಡಿ.

"ತಾತಂಗೆ ಏನಾಗಿದ್ಯೇ?" ಅತಿಯಾ ಕೇಳಿದಳು.

"ಹಾ... ಹಾರ್ಟು," ಅಂದಳು ಭಾನು.

ಅದು ಸುಳ್ಳು. ತಾತನೇ ಹೇಳಿಕೊಟ್ಟ ಸುಳ್ಳು.

ನಿಜ ಏನೆಂದರೆ, ತಾತನಿಗೆ ಉಚ್ಚೆ ಸರಿಯಾಗಿ ಹೋಗುತ್ತಿರಲಿಲ್ಲ. ಬಂದಾಗ ತಡೆಯುವುದಕ್ಕೂ ಆಗುತ್ತಿರಲಿಲ್ಲ. ದೊಡ್ಡಪ್ಪ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸಿದ್ದ. ಬೋರ್ಡು ಓದಿ ಹೇಳೋಕೆ ಭಾನು ಬೇಕೇ ಬೇಕು ಅಂತ ತಾತ ಹಟ ಹಿಡಿದಿದ್ದರಿಂದ ಅವಳೂ ಹೋಗಿದ್ದಳು.

"ಗಂಡಸರಿಗೆ ಮೂತ್ರದ ಚೀಲದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತೆ. ನಿಮಗೆ ಅದರಲ್ಲಿ ಕ್ಯಾನ್ಸರ್ ಇದೆ," ಎಂದಿದ್ದರು ಡಾಕ್ಟರಮ್ಮ. "ಗಾಬರಿ ಆಗಬೇಡಿ. ಬೇಗ ಗೊತ್ತಾಗಿದೆ. ಆಪರೇಷನ್ ಮಾಡಬಹುದು. ಕರೆಂಟ್ ಕೊಡಬಹುದು. ಇಂಜೆಕ್ಷನ್ನೂ ಇದೆ. ನಿಮಗೆ ಯಾವುದು ಸರಿ ಹೋಗುತ್ತೆ ಅಂತ ಕೂತು ನೋಡೋಣ. ಎಲ್ಲಾ ಇಲ್ಲೇ ಆಗುತ್ತೆ. ತಡ ಮಾತ್ರ ಮಾಡಬೇಡಿ."

ಭಾನು ಕಣ್ಣು ಅಗಲಿಸಿದ್ದು ನೋಡಿ ಅವರು ನಕ್ಕರು. "ಕರೆಂಟ್ ಅಂದ್ರೆ ಕಂಬದ ಕರೆಂಟಲ್ಲ ಪುಟ್ಟ. ಮೆಷಿನ್ನಿಂದ ಬರೋ ಕಿರಣ. ನೋಯಲ್ಲ."

ವಾಪಸ್ ಬರುವಾಗ ತಾತ ಕಾರಿನ ಕಿಟಕಿಯ ಆಚೆಗೇ ನೋಡುತ್ತಿದ್ದರು. ರಾಮನಗರ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟರು.

"ದೇವ್ರಾಜ, ಇಲ್ಲಿ ಬ್ಯಾಡ. ನನ್ನ ಫಾರಿನ್‌ಗೆ ಕರ್ಕೊಂಡೋಗು."

ದೊಡ್ಡಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಕಾರು ಒಂದು ಎತ್ತಿನ ಗಾಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಚಿಕಿತ್ಸೆಗೆ ಫಾರಿನ್‌ಗೆ ಹೋಗೋರು ಅಂದರೆ ಮಂತ್ರಿಗಳು! ಇನ್ನು ಮೇಲೆ ಮಂತ್ರಿಗಳು ಮತ್ತು ಬೋರಲಿಂಗಯ್ಯನವರು!

ಮಾರನೆಯ ದಿನವೇ ಒಬ್ಬ ಏಜೆಂಟು ಸಿಕ್ಕಿದ. ಅವನ ಪ್ಯಾಕೇಜಿನಲ್ಲಿ ಟ್ರೀಟ್‌ಮೆಂಟ್ ಜೊತೆಗೆ ಝೂ ಫ್ರೀ, ಬೋಟಿಂಗ್ ಫ್ರೀ. ಪೇಶೆಂಟಿಗೆ ಜೊತೆ ಬೇಕಲ್ಲ ಅಂತ ದೊಡ್ಡಪ್ಪ ಹೊರಟ. ದೊಡ್ಡಪ್ಪನಿಗೆ ಜೊತೆ ಬೇಕಲ್ಲ ಅಂತ ದೊಡ್ಡಮ್ಮ ಹೊರಟಳು. ದೊಡ್ಡಮ್ಮನ ಜೊತೆಗೆ ಅವಳ ತಮ್ಮ. ಅವರಿಗೆಲ್ಲ ಪಾಸ್‌ಪೋರ್ಟ್ ಬಂದೂ ಬಂತು. ತಾತನಿಗೆ ಮಾತ್ರ ಬರಲಿಲ್ಲ. ತಾತ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಬೋರಮ್ಮನನ್ನು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಸ ಅಂತ ಬರ್ಕಳಿ," ಅಂದಳು. ಆಫೀಸಿನವರು ಹಾಗೆಲ್ಲ ಬರೆದುಕೊಳ್ಳುವುದಿಲ್ಲವಂತೆ.

ದಿನ ಹೋಗುತ್ತಲೇ ಇತ್ತು. "ತಡ ಮಾಡಬೇಡಿ" ಅಂದಿದ್ದ ಡಾಕ್ಟರಮ್ಮನ ಮಾತು ಭಾನುವಿಗೆ ದಿನಾ ನೆನಪಾಗುತ್ತಿತ್ತು.

ಫ್ಲೆಕ್ಸ್ ನೋಡಿದ ಆ ಸಾಯಂಕಾಲ ಅವಳು ಮನೆಗೆ ಬಂದರೆ, ತಾತ ಹಿತ್ತಲಲ್ಲಿ ರೇಷ್ಮೆ ಹುಳ ಸಾಕುವ ತಟ್ಟೆಗಳ ಮರೆಯಲ್ಲಿ ಕೂತಿದ್ದರು. ಟೀ ಅಂಗಡಿಗೂ ಹೋಗಿರಲಿಲ್ಲ.

"ನನ್ ಮಾನ ತಂದು ಲೈಟ್ ಕಂಬಕ್ಕೆ ಕಟ್ಬುಟ್ನಲ್ಲವ್ವ ನಿಮ್ ದೊಡ್ಡಪ್ಪ!"

"ಬೆಂಗಳೂರಲ್ಲೇ ಎಲ್ಲಾ ಆಗುತ್ತೆ ಅಂದ್ರಲ್ಲ ತಾತ. ಯಾಕೆ ಹೋಗಲ್ಲ ನೀನು?"

ತಾತ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಆ ಆಸ್ಪತ್ರೇಲಿ ಅರ್ಧ ಜನ ನಮ್ ಕಡೆಯೋರೇ ಅವ್ರೆ. ಯಾಕ್ ಬಂದ್ರಣ್ಣ ಅಂತಾರೆ. ಆ ಜಾಗದ ಹೆಸ್ರು ಹೇಳಕಾಯ್ತದಾ? ಸಿಂಗಾಪುರದಾಗೆ ನನ್ ಗುರ್ತು ಯಾರ್ಗೈತೆ, ಹೇಳು."

"ಪಾಸ್‌ಪೋರ್ಟ್ ಬರದೇ ಹೋದ್ರೆ?"

"ಸುಮ್ಕಿರ್ತೀನಿ."

"ಸುಮ್ಕಿದ್ರೆ ಸತ್ತೋಗ್ತೀಯ!" ಭಾನುವಿಗೆ ಅಳು ಬಂದೇ ಬಿಟ್ಟಿತು.

ತಾತ ಅವಳ ಕಣ್ಣು ಒರೆಸಿದರು. ಆದರೆ ಹಟ ಬಿಡಲಿಲ್ಲ. ಅವಳ ಕೈಯನ್ನು ತಮ್ಮ ತಲೆ ಮೇಲೆ ಇಡಿಸಿಕೊಂಡರು. "ಯಾರ್ಗೂ ಹೇಳ್ಬ್ಯಾಡ. ನನ್ನಾಣೆ."

ಆಣೆ ಅಂದರೆ ಸುಮ್ಮನೆ ಅಲ್ಲ. ಮುರಿದರೆ ಯಾರ ತಲೆ ಮುಟ್ಟಿರುತ್ತೀವೋ ಅವರಿಗೇ ಕೇಡು. ಭಾನು ಬಾಯಿಗೆ ಬೀಗ ಹಾಕಿಕೊಂಡಳು.

ಪಾಸ್‌ಪೋರ್ಟ್ ಬರಲಿಲ್ಲ. ಬಾಡೂಟ ಬಂತು. ಫ್ಲೆಕ್ಸ್ ಹಾಕಿದ ಮೇಲೆ ಬೀಳ್ಕೊಡುಗೆ ಮಾಡದೆ ಇದ್ದರೆ ಜನ ಏನಂದಾರು ಅಂತ ದೊಡ್ಡಪ್ಪ ಭಾನುವಾರವೇ ಪೆಂಡಾಲ್ ಹಾಕಿಸಿದ. ಮೈಕು, ಸ್ಟೇಜು, ಹಾರ ಎಲ್ಲಾ ರೆಡಿ. ಮಟನ್ ಸಾರಿನ ವಾಸನೆ ಹೈವೇವರೆಗೂ ಹೋಗಿ ಗೊತ್ತಿಲ್ಲದವರನ್ನೂ ಕರೆದುಕೊಂಡು ಬಂತು.

ಬಂದವರೆಲ್ಲ ಡಾಕ್ಟರುಗಳೇ.

"ಹಾರ್ಟಿಗೆ ಬೆಳ್ಳುಳ್ಳಿ ನುಂಗಿ ಯಜಮಾನ್ರೇ."

"ನಮ್ ಬೀಗರಿಗೂ ಬ್ಲಾಕು. ಹಿಪ್ಪುನೇರಳೆ ಹಣ್ಣು ತಿಂದು ಕುದುರೆ ಹಂಗೆ ಓಡಾಡ್ತಾವ್ರೆ."

ತಾತ ಸ್ಟೇಜಿನ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ತಲೆ ಮೇಲೆ ಪೇಟ, ಕುತ್ತಿಗೆಗೆ ಹಾರ, ಹಾರದ ಮೇಲೆ ಹಾರ. ಫೋಟೋದವನು ಏಳಲು ಬಿಡುತ್ತಿಲ್ಲ. ಕೆಳಗೆ ನಿಂತಿದ್ದ ಭಾನು ತಾತನ ಕಾಲು ನೋಡಿದಳು. ಬೆರಳುಗಳು ಮುದುರಿಕೊಂಡಿದ್ದವು. ಮಂಡಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಅವಳಿಗೆ ತಕ್ಷಣ ಗೊತ್ತಾಯಿತು. ಬಚ್ಚಲು ಇರುವುದು ಮನೆಯ ಹಿಂದೆ. ನಡುವೆ ಊರೇ ನಿಂತಿದೆ.

"ದೇವ್ರಾಜ, ಒಸಿ ಏಳ್ತೀನಿ ಕಣ್ಲಾ," ಅಂದರು ತಾತ.

"ಇರಪ್ಪ, ಇನ್ನೊಂದೇ ಹಾರ," ಅಂದ ದೊಡ್ಡಪ್ಪ.

ತಾತನ ಹಣೆಯಿಂದ ಬೆವರು ಸುರಿಯಿತು. ಕೈ ಹೊಟ್ಟೆ ಹಿಡಿದುಕೊಂಡಿತು. ಯಾರೋ ಕೂಗಿದರು. "ಅಯ್ಯಯ್ಯೋ, ಹಾರ್ಟ್ ಅಟ್ಯಾಕು!"

ಮುಗಿಯಿತು! ಊರಿಗೆ ಊರೇ ಸ್ಟೇಜು ಹತ್ತಿತು.

"ಗಾಳಿ ಬೀಸ್ರೋ!"

"ಎದೆ ಒತ್ರೋ!"

"ಸೋಡಾ ಕುಡಿಸ್ರೋ!"

"ಸೋಡಾ ಬ್ಯಾಡಾ..." ಅನ್ನುತ್ತಿದ್ದರು ತಾತ. ಯಾರು ಕೇಳುತ್ತಾರೆ? ಇಬ್ಬರು ಕೈ ಹಿಡಿದರು, ಇಬ್ಬರು ಕಾಲು ಹಿಡಿದರು, ಒಬ್ಬ ಸೋಡಾದ ಬಾಟಲಿ ಬಾಯಿಗೆ ತುರುಕಿದ. ಇನ್ನೊಬ್ಬ ಎರಡೂ ಕೈಯಲ್ಲಿ ಎದೆ ಒತ್ತಲು ಸಜ್ಜಾದ. ತಾತನ ಕಣ್ಣು ಭಾನುವನ್ನು ಹುಡುಕಿತು.

ಆಣೆಯಂತೆ ಆಣೆ! ಭಾನು ದೊಡ್ಡಪ್ಪನ ಕೈಯಿಂದ ಮೈಕು ಕಿತ್ತುಕೊಂಡಳು.

"ಬಿಡ್ರೋ ನಮ್ ತಾತನ್ನ! ಹಾರ್ಟಲ್ಲ, ಉಚ್ಚೆ! ಅವ್ರಿಗಿರೋದು ಉಚ್ಚೆ ಜಾಗದ ಕಾಯಿಲೆ! ದಾರಿ ಬಿಡ್ರೋ!"

ಮರಕ್ಕೆ ಕಟ್ಟಿದ್ದ ಮೈಕಿನ ಹಾರ್ನುಗಳು ಅದನ್ನು ಹೈವೇವರೆಗೂ ಹೇಳಿದವು. ಪೆಂಡಾಲಿನಲ್ಲಿ ಮೂಳೆ ಕಡಿಯುವ ಸದ್ದೂ ನಿಂತಿತು. ಕೈ ಹಿಡಿದವರು ಕೈ ಬಿಟ್ಟರು. ತಾತ ಪೇಟ, ಹಾರದ ಸಮೇತ ಜನರ ನಡುವೆ ಓಡಿದರು. ಬಚ್ಚಲ ಬಾಗಿಲು ಧಡಾರ್ ಅಂತ ಹಾಕಿಕೊಂಡಿತು.

ಆಮೇಲೆ ಆ ಬಾಗಿಲು ತೆಗೆಯಲೇ ಇಲ್ಲ. ಅಜ್ಜಿ ಕರೆದಳು. ದೊಡ್ಡಪ್ಪ ತಟ್ಟಿದ. ಉಹುಂ. ಭಾನು ಗೋಡೆಗೆ ಒರಗಿ ಬಿಕ್ಕುತ್ತಿದ್ದಳು.

ಆಗ ಅತಿಯಾಳ ಅಜ್ಜ ಖಲಂದರ್ ಸಾಬರು ಬಂದರು. ಅವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ತಾತನ ಗೂಡಿಗೆ ಮೊದಲಿನಿಂದಲೂ ಅವರೇ ಗಿರಾಕಿ. ಎಲ್ಲರನ್ನೂ ಆಚೆ ಕಳಿಸಿ, ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಭಾನುವನ್ನು ಮಾತ್ರ ಹೋಗು ಅನ್ನಲಿಲ್ಲ.

"ಬೋರಲಿಂಗಣ್ಣ, ನಾನು ಖಲಂದರ್."

"ಯಾರೂ ಬರ್ಬ್ಯಾಡ್ರಿ. ನಾನಿನ್ನು ಈಚೆಗೆ ಬರಾಕಿಲ್ಲ," ಒಳಗಿನಿಂದ ದನಿ ಬಂತು.

"ಹೋದ ವರ್ಸ ನಾನು ಅಜ್ಮೀರ್‌ಗೆ ಹೋಗಿದ್ದೆ ಅಂದಿದ್ನಲ್ಲ?"

"ಹೂಂ. ಪ್ರಸಾದ ತಂದ್ಕೊಟ್ಟಿದ್ದೆ."

"ಹೋಗಿರ್ಲಿಲ್ಲ ಕಣಣ್ಣ. ಬೆಂಗ್ಳೂರಲ್ಲಿ ತಂಗಿ ಮನೇಲಿದ್ದೆ. ನಂಗೂ ಇದೇ ಕಾಯ್ಲೆ. ಆಸ್ಪತ್ರೇಲಿ ಕರೆಂಟ್ ಕೊಡಿಸ್ಕೊಂಡು ಬಂದೆ."

ಒಳಗೆ ಚಿಲಕ ಸರಿದ ಸದ್ದಾಯಿತು.

"ಮತ್ತೆ ಆ ಪ್ರಸಾದ?"

"ಸಿಟಿ ಮಾರ್ಕೆಟ್ಟಿನ ಮಿಠಾಯಿ."

"ಥೂ ಕಳ್ಳ!" ಬಾಗಿಲು ಅರ್ಧ ತೆರೆಯಿತು. "ಕಣ್ಣಿಗೊತ್ಕೊಂಡು ಮನೆಮಂದಿಗೆಲ್ಲ ಹಂಚಿದ್ನಲ್ಲೋ ಅದನ್ನ!"

"ನೀನು ಹಾರ್ಟು ಅಂದಿಲ್ವಾ? ಅಲ್ಲಿಗಲ್ಲಿಗಾಯ್ತು ಬುಡು. ಈಚೆಗ್ ಬಾ. ನಾಳೆ ಆಸ್ಪತ್ರೆಗೆ ನಿನ್ ಜೊತೆ ನಾನೂ ಬತ್ತೀನಿ."

ತಾತ ನಗುತ್ತಲೇ ಈಚೆಗೆ ಬಂದರು. ಆದರೆ ಭಾನುವಿನ ಕಡೆ ನೋಡಲಿಲ್ಲ. ಹಿತ್ತಲ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದ ದೊಡ್ಡಪ್ಪ, "ಹಂಗಾದ್ರೆ ಸಿಂಗಾಪುರ?" ಅಂದ.

"ನೀನ್ ಹೋಗ್ಬಾ ಮಗ. ನಿನ್ ಪಾಸ್‌ಪೋರ್ಟ್ ಬಂದೈತಲ್ಲ. ಝೂ ನೋಡ್ಕೊಂಡು ಬಾ."

ಬೆಳಿಗ್ಗೆ ಭಾನುವನ್ನು ಯಾರೋ ಅಲುಗಿಸಿದರು. ತಾತ. ಬಿಳಿ ಪಂಚೆ ಉಟ್ಟು ರೆಡಿಯಾಗಿದ್ದರು.

"ಏಳವ್ವ, ರೈಲಿಗೆ ಟೇಮಾಯ್ತು. ಬೋರ್ಡ್ ಓದೋರು ಬ್ಯಾಡ್ವಾ?"

"ಆಣೆ ಮುರಿದೆನಲ್ಲ ತಾತ. ನಿಂಗೇನಾದ್ರೂ ಆದ್ರೆ?"

"ಆಗೋದು ಆಗೋಗೈತೆ. ಅದ್ಕೇ ಅಲ್ವಾ ಆಸ್ಪತ್ರೆಗೆ ಹೋಯ್ತಿರಾದು?" ತಾತ ಅವಳ ತಲೆ ಸವರಿದರು. ಭಾನು ಹಾಸಿಗೆಯಿಂದ ಚಂಗನೆ ಎದ್ದಳು.

ಪ್ಯಾಸೆಂಜರ್ ರೈಲಿನಲ್ಲಿ ಜಾಗ ಸಿಕ್ಕಿತು. ಒಂದು ಸೀಟಿನಲ್ಲಿ ತಾತ, ಪಕ್ಕದಲ್ಲಿ ಭಾನು. ಎದುರಿಗೆ ಖಲಂದರ್ ಸಾಬರು. ರಾಮನಗರದಲ್ಲಿ ಮುನಿಶಾಮಯ್ಯ ಅಂತ ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು ಹತ್ತಿ ಸಾಬರ ಪಕ್ಕ ಕೂತರು. ಮಡಚಿದ ಪೇಪರು, ಇಸ್ತ್ರಿ ಮಾಡಿದ ಶರಟು. ತಾತನ ಗುರುತು ಹಿಡಿದು ನಕ್ಕರು.

"ಏನ್ರಿ ಬೋರಲಿಂಗಯ್ಯ! ಸಿಂಗಾಪುರ ಅಂತ ಫ್ಲೆಕ್ಸ್ ನೋಡ್ದೆ, ಪ್ಯಾಸೆಂಜರಲ್ಲಿ ಇದ್ದೀರಲ್ಲ? ಹಾರ್ಟಂತೆ?"

ತಾತ ಒಂದು ಸಲ ಖಲಂದರ್ ಸಾಬರ ಮುಖ ನೋಡಿದರು. ಆಮೇಲೆ ಗೂಡಿನ ಮಾರ್ಕೆಟ್ಟಿನಲ್ಲಿ ರೇಟು ಕೂಗುವ ದನಿಯಲ್ಲಿ ಹೇಳಿದರು. "ಹಾರ್ಟಲ್ಲ ಸಾ. ಪ್ರಾಸ್ಟೇಟು. ಉಚ್ಚೆ ಚೀಲದ ಕೆಳಗೆ ಕ್ಯಾನ್ಸರು. ತೋರ್ಸಕ್ಕೆ ಹೋಯ್ತಾ ಇದೀನಿ."

ಸೌತೆಕಾಯಿ ಮಾರುವವಳು ಕೂಡ ತಿರುಗಿ ನೋಡಿದಳು. ಹೆಡ್‌ಮಾಸ್ಟರು, "ಓ... ಹೌದಾ," ಅಂದು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಬಿಡದಿ ಬಂತು, ಹೋಯಿತು. ಸಾಲು ಸಾಲು ಫ್ಯಾಕ್ಟರಿ ಶೆಡ್ಡುಗಳು ಹಿಂದೆ ಹೋದವು. ಹೆಡ್‌ಮಾಸ್ಟರು ಒಂದು ಪುಟವನ್ನೂ ತಿರುಗಿಸಲಿಲ್ಲ. ಕೊನೆಗೆ ಪೇಪರು ಮಡಚಿ, ಮುಂದಕ್ಕೆ ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಅಲ್ಲಾ ಬೋರಲಿಂಗಯ್ಯ... ಅದು ಶುರುವಿಗೆ ಹೇಗೆ ಗೊತ್ತಾಗುತ್ತೆ? ನನಗಲ್ಲ. ನಮ್ಮ ಪರಿಚಯದವರೊಬ್ಬರಿಗೆ..."

ಅಷ್ಟರಲ್ಲಿ ಭಾನು ಕಣ್ಣಿಗೆ ಬಿದ್ದಳು. ಅವರು ಮಾತು ನಿಲ್ಲಿಸಿಬಿಟ್ಟರು. ಕಿವಿ ಕೆಂಪಗಾಗಿತ್ತು. ಕೈ ಪೇಪರನ್ನು ಸುರುಳಿ ಸುತ್ತುತ್ತಿತ್ತು.

ಭಾನು ಅವರ ಕಿವಿ ನೋಡಿದಳು, ಕೈ ನೋಡಿದಳು. ಎದ್ದು ನಿಂತಳು.

"ಸಾರ್, ನೀವಿಲ್ಲಿ ತಾತನ ಪಕ್ಕ ಕೂತ್ಕೊಳ್ಳಿ. ನಂಗೆ ಆ ಕಡೆ ಕಿಟಕಿ ಬೇಕು."

ಬೋಗಿಯ ಆ ಕಡೆಯ ಕಿಟಕಿಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಉದ್ದಕ್ಕೂ ಒಂದು ಕಾಂಪೌಂಡ್ ಗೋಡೆ. ಹಿಂದೆ ತಾತ ಮೆಲ್ಲಗೆ ಏನೋ ಹೇಳುತ್ತಿದ್ದರು. ಭಾನು ಗೋಡೆಯನ್ನೇ ನೋಡುತ್ತಾ ಕೂತಳು. ಕೆಂಗೇರಿ ಬರುವವರೆಗೂ ತಿರುಗಲಿಲ್ಲ.