ಎಲೆಯ ಮೇಲಿನ ಕೈ

"ಇನ್ನೊಂದು ಹಾಕ್ಲೇನ್ರಿ?"

ತಾಯಿಯ ತಂಗಿ ಮಾವಶಿ ಕೊಟ್ಟು ಹೋದ ಹೋಳಿಗೆಯ ಬುಟ್ಟಿ ಹಿಡಿದು ಕಾಂಚನಾ ಮತ್ತೆ ಅವನೆದುರು ನಿಂತಿದ್ದಳು. ಕುಡಚಡೆ ಊರಿನ ಆ ಮದುವೆ ಪಂಕ್ತಿಯಲ್ಲಿ ಎಲ್ಲರೂ ಎಲೆಗೆ ಕೈ ಅಡ್ಡ ಹಿಡಿದು ಸಾಕೆಂದಾಗಿತ್ತು. ಇವನೊಬ್ಬ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದ!

"ನೀವು ಹಾಕಿದ್ರ ಬ್ಯಾಡ ಅನ್ನಾಕ ಆಗವಲ್ದು."

ಗೆಳತಿಯರು ಕಿಸಕ್ಕೆಂದರು. ಕಾಂಚನಾಳ ಕಿವಿ ಬಿಸಿಯಾಯಿತು. 'ಹೊಟ್ಟೆಗಲ್ಲ... ನನಗಾಗಿ ಉಣ್ಣುತ್ತಿದ್ದಾನೆ!'

ಅವನು ಗುರುಪಾದ. ಲಾರಿ ಬಿಡಿಭಾಗಗಳ ಅಂಗಡಿಯವನು. ಮನೆಯವರು ಒಪ್ಪಿ ನಿಶ್ಚಯವೂ ಆಯಿತು. ಅವನು ಬಂದಾಗಲೆಲ್ಲ ಅವಳು ಬಡಿಸುವಳು. ಅವನು ಎಂದೂ ಸಾಕೆನ್ನಲಿಲ್ಲ. ಅವಳಿಗೆ ಅದೇ ಹಬ್ಬ.

ಮದುವೆ ಸೀರೆ ತರಲು ಹೊರಟ ದಿನ ಅವನ ಸೋದರತ್ತೆ ಪಾರ್ವತೆವ್ವ ಅವಳನ್ನು ಪಕ್ಕಕ್ಕೆ ಕರೆದಳು.

"ನೋಡವ್ವಾ, ಇನ್ನ ಅಳತಿ ನೋಡಿ ಬಡಸು. ಮೊಲೆಂ ಘಾಟಿನ್ಯಾಗ ಲಾರಿ ಬಡದಾಗ ಅವನ ಸಣ್ಣ ಕರಳಿನ ಕಡೀ ಭಾಗ ತಗದಾರ. ಹೊಟ್ಟಿ ತುಂಬಿದ್ದು ತಿಳಿಯಂಗಿಲ್ಲ. ಯಾರ ಹಾಕಿದ್ರೂ ಉಣ್ಣತಾನ, ಆಮ್ಯಾಲೆ ಒದ್ದಾಡತಾನ."

ಯಾರ ಹಾಕಿದ್ರೂ...!

ಕಾಂಚನಾ ಸೀರೆಗೆ ಹೋಗಲಿಲ್ಲ. ನಿಶ್ಚಯದ ಉಂಗುರವನ್ನು ಪಾರ್ವತೆವ್ವನ ಕೈಗಿಟ್ಟಳು. ಅವನ ಫೋನು ಎತ್ತಲಿಲ್ಲ.

ಕೊನೆಗೆ ಅವನೇ ಬಂದು ಬಾಗಿಲಲ್ಲಿ ನಿಂತ.

"ಯಾಕ ಮುಚ್ಚಿಟ್ರಿ?"

"ಹೇಳಿದ್ರ ನೀ ಬಡಿಸೂದು ಬಿಡತಿ ಅಂತ ಹೆದರಿಕಿ."

"ಕರಳು ತಗದ್ರ ಹೊಟ್ಟಿ ತುಂಬಿದ್ದು ಯಾಕ ತಿಳಿಯಂಗಿಲ್ಲ? ಈಗರ ಹೇಳ್ರಿ!"

"ಕರಳಿನುದ್ದಕ್ಕೂ ಊಟ ಗುರುತು ಹಿಡಿಯೂ ಜೀವಕೋಶ ಇರತಾವಂತ. ಮ್ಯಾಲಿನವು ಊಟ ಬಂತು ಅಂತಾವ. ಜಿಡ್ಡು, ಸಿಹಿ ಕೆಳಗಿನ ತನಕ ಇಳದ್ರ ಅಲ್ಲಿನವು ಹಾರ್ಮೋನು ಬಿಟ್ಟು ತಲಿಗೆ ಸಾಕು ಅಂತ ಜೋರಲೇ ಹೇಳತಾವಂತ. ಆ ಕೆಳಗಿನ ಭಾಗನ ನನಗ ಇಲ್ಲ, ಕಾಂಚನಾ."

"ಹಂಗಾರ ನೀವು ಉಂಡಿದ್ದು ಬರೇ ಹಸಿವಿಗೆ!"

ಅವನು ತಲೆ ತಗ್ಗಿಸಿದ. "ಹಸಿವಿ ಖರೇನ."

"ನಾ ಹುಚ್ಚಿ ಹಂಗ ಕುಣಕೋತ ಬಡಿಸಿದೆ... ನೀವು ಮನಿಗೆ ಹೋಗಿ ಒದ್ದಾಡಿದ್ರಿ. ನನ್ನ ಕೈಲೆ ವಿಷಾ ಹಾಕಿಸಿದ್ರಲ್ರೀ!"

"ಆ ಪಂಕ್ತಿಯೊಳಗ ನಿನಗಿಂತ ಮೊದಲು ನಿಮ್ಮ ಮಾವಶಿ ಹೋಳಿಗಿ ತಂದಿದ್ರು. ಅವರನ್ನ ಕೇಳು."

ಕೇಳಬೇಕಿರಲಿಲ್ಲ. ನೆನಪಾಯಿತು. 'ಆ ಹುಡುಗ ಒಂದ ಹೋಳಿಗಿಗೆ ಕೈ ಅಡ್ಡ ಹಿಡದಾನ. ನೀನರ ಕೇಳಿ ನೋಡು' ಎಂದೇ ಮಾವಶಿ ಅವಳಿಗೆ ಬುಟ್ಟಿ ಕೊಟ್ಟಿದ್ದಳು!

"ಮಂದಿ ಮುಂದ ನಾಚಿಕಿಗೆ ಒಂದು ಹಾಕಿಸ್ಕೊಂಡು ಕೈ ಅಡ್ಡ ಹಿಡೀತೇನಿ, ಹಸಿವಿದ್ರೂ" ಎಂದ ಅವನು. "ನೀ ಬಂದಾಗ ಕೈ ಏಳಲಿಲ್ಲ... ನೀ ಹೋಗಿಬಿಡತಿ ಅಂತ."

ಕಾಂಚನಾ ಒಳಗೆ ಹೋದಳು. ತಾಟಿನಲ್ಲಿ ಒಂದು ರೊಟ್ಟಿ, ಒಂದಿಷ್ಟು ಪಲ್ಯ ಇಟ್ಟು ತಂದಳು. ಅವನು ಉಂಡ. ಅಭ್ಯಾಸದಂತೆ ಮುಖ ಎತ್ತಿ ಕಾದ.

ಅವಳ ಜೀವ ಇನ್ನೊಂದು ತರಲು ತುಡಿಯಿತು. ಆ ಸುಖ ಇನ್ನು ತನಗಿಲ್ಲ... ಖಾಲಿ ತಾಟಿನ ಮೇಲೆ ಅವಳೇ ಕೈ ಅಡ್ಡ ಇಟ್ಟಳು.

"ಸಾಕ್ರೀ."

"ಇನ್ನೂ ಹಸಿವೈತಿ, ಕಾಂಚನಾ."

"ಗೊತ್ತೈತ್ರಿ." ಕಣ್ಣೀರು ತಾಟಿಗೆ ಬಿತ್ತು. ಕೈ ಕದಲಲಿಲ್ಲ.

"ಈ ಹಸಿವಿ ಜೀವ ಇರೂತನಕ ಇರತೈತಿ."

"ಇರ್ಲಿ ಬಿಡ್ರಿ... ನನ್ನ ಕೈನೂ ಇಲ್ಲೇ ಇರತೈತಿ."