ಅಳತೆ ಕೇಳದೆ ಕಟ್ಟಿದ ಅಡುಗೆಮನೆ

ಬಾಗಿಲು ತೆಗೆದವನು ಮೊದಲು ನೇರಕ್ಕೆ ನೋಡಿದ. ಅಲ್ಲಿ ಬರೀ ಗಾಳಿ. ಆಮೇಲೆ ಕೆಳಗೆ ನೋಡಿದ. ಅಲ್ಲಿ ಅವಳಿದ್ದಳು.

"ಬನ್ನಿ ಮೇಡಂ," ಅಂದ.

ದನಿ ಅದೇ. ಒಂದೂವರೆ ವರ್ಷ ಭಾನುವಾರ ಭಾನುವಾರ ಫೋನಿನಲ್ಲಿ ಕೇಳಿದ, ತುಸು ಒಡೆದ, ಅವಸರವಿಲ್ಲದ ದನಿ. ಆದರೆ ಅದರ ಹಿಂದೆ ಇಷ್ಟುದ್ದದ ಆಳು ಇರಬಹುದೆಂದು ಅವಳು ಎಣಿಸಿರಲಿಲ್ಲ. ಬಾಗಿಲ ಚೌಕಟ್ಟಿಗೆ ಅವನ ತಲೆ ತಾಗುವುದೊಂದು ಬಾಕಿ. ಅವಳ ನೆತ್ತಿ ಅವನ ಅಂಗಿಯ ಜೇಬಿಗೆ ಬರುತ್ತಿತ್ತು.

ಅವನು ನಕ್ಕ. ನಗು ಪೂರ್ತಿ ಅರಳುವ ಮೊದಲೇ ಕರೆಂಟು ಹೋದ ಹಾಗೆ ಆರಿತು. ಅವನ ಕಣ್ಣು ಅವಳ ನೆತ್ತಿಯಿಂದ ಚಪ್ಪಲಿಯವರೆಗೆ ಇಳಿದು, ಮತ್ತೆ ಮೇಲೆ ಹತ್ತಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಯ ಕಡೆ ಹೋಯಿತು.

ಅವಳು ನರ್ಸ್. ಮುಖ ಓದುವುದು ಅವಳ ಹೊಟ್ಟೆಪಾಡು. ಇವನಿಗೆ ನಿರಾಸೆಯಾಗಿದೆ ಎಂದು ಓದಿಕೊಂಡಳು.

ಎರಡು ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದ ಅಕ್ಕ ಏದುಸಿರು ಬಿಡುತ್ತ, "ಒಳಗೆ ನಡಿಯೇ ಗಿಡ್ಡಿ. ಬಾಗಿಲಲ್ಲೇ ಬೇರು ಬಿಡಬೇಡ," ಅಂದಳು.

ಹೊರದೇಶದ ಒಂದು ವೃದ್ಧಾಶ್ರಮದಲ್ಲಿ ಹನ್ನೆರಡು ವರ್ಷ ದುಡಿದು ಅವಳು ವಾಪಸು ಬಂದಿದ್ದಳು. ಅಲ್ಲಿದ್ದಾಗಲೇ ಇಲ್ಲಿ ಈ ಮೂರನೇ ಮಹಡಿಯ ಮನೆ ಕೊಂಡು, ಅಡುಗೆಮನೆ, ಕಪಾಟು, ಮಂಚ ಎಲ್ಲವನ್ನೂ ಈ ಬಡಗಿಗೆ ಒಪ್ಪಿಸಿದ್ದಳು. ಜೊತೆಯ ನರ್ಸ್ ಒಬ್ಬಳು ಅವನ ನಂಬರು ಕೊಟ್ಟಿದ್ದಳು. "ಬಾಯಿ ಕಡಿಮೆ, ಕೈ ಚೆನ್ನಾಗಿದೆ," ಅಂದಿದ್ದಳು. ಅದರಲ್ಲಿ ಎರಡನೆಯದು ಮಾತ್ರ ನಿಜ.

ಭಾನುವಾರ ಅವಳಿಗೆ ರಜೆ. ಅವನು ವೀಡಿಯೊ ಕರೆ ಮಾಡಿ, ಫೋನಿನ ಹಿಂದಿನ ಕ್ಯಾಮೆರಾ ಹಿಡಿದು ಆ ವಾರದ ಕೆಲಸ ತೋರಿಸುತ್ತಿದ್ದ. ಅವಳಿಗೆ ಕಾಣುತ್ತಿದ್ದದ್ದು ಪ್ಲೈವುಡ್, ಕೀಲು, ಮೊಳೆ, ನಡುನಡುವೆ ಸುತ್ತಿಗೆ ಏಟು ತಿಂದು ಕಪ್ಪಾದ ಒಂದು ಹೆಬ್ಬೆರಳು. ಮುಖ ಕಂಡದ್ದು ಅಪರೂಪ. ಕಂಡಾಗ ಹುಬ್ಬಿನ ಮೇಲೆ ಮರದ ಪುಡಿ ಇರುತ್ತಿತ್ತು. ಅವಳು ಮಾತ್ರ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಅಡುಗೆ ಮಾಡುತ್ತ, ಅವನಿಗೆ ಸೊಂಟದಿಂದ ಮೇಲೆ ಚೆನ್ನಾಗಿ ಕಾಣುತ್ತಿದ್ದಳು.

"ಕಪಾಟಿನ ಹಿಡಿ ಸ್ಟೀಲಿಂದು ಹಾಕ್ಲಾ, ಹಿತ್ತಾಳೆದಾ?"

"ಯಾವುದು ಗಟ್ಟಿ?"

"ಸ್ಟೀಲು."

"ಮತ್ತೆ ಯಾಕೆ ಕೇಳ್ತೀರಿ?"

"ಮಾತು ಬೆಳೆಸೋಣ ಅಂತ ಮೇಡಂ."

ಹೀಗೆ ಬೆಳೆದ ಮಾತು ಹಿಡಿಯನ್ನೂ ಕಪಾಟನ್ನೂ ದಾಟಿ ಎಲ್ಲೆಲ್ಲಿಗೋ ಹೋಯಿತು. ಒಂದು ಭಾನುವಾರ ಅವನು ಜ್ವರ ಬಂದು ಮಲಗಿ ಕರೆ ಮಾಡಲಿಲ್ಲ. ಅವಳು ಒಲೆಯ ಮೇಲಿದ್ದುದನ್ನು ಸೀಯಿಸಿ, ಅದನ್ನೇ ತಿಂದು, ರಾಜೀನಾಮೆಯ ಮಾತು ಎತ್ತಲು ಮರುದಿನ ಮೇಟ್ರನ್ ಕೋಣೆಗೆ ಹೋದಳು. ಪ್ರೀತಿ ಎಂದು ಅವಳು ಅದನ್ನು ಕರೆದಿರಲಿಲ್ಲ. ಊರಿನ ಸೆಳೆತ ಅಂದಿದ್ದಳು. ಮೇಟ್ರನ್ ಜಾಣೆ. ಇವಳು ಹೊರಡುವ ದಿನ, "ಹೋಗಿ ನೋಡು. ಮುಂದಿನ ಶುಕ್ರವಾರದವರೆಗೆ ನಿನ್ನ ಜಾಗ ಯಾರಿಗೂ ಕೊಡಲ್ಲ. ಒಂದು ಫೋನ್ ಮಾಡು ಸಾಕು," ಅಂದಿದ್ದಳು. ಇದು ಅಕ್ಕನಿಗೂ ಗೊತ್ತಿರಲಿಲ್ಲ.

ಇವತ್ತು ಬುಧವಾರ.

ಮನೆ ಚೆನ್ನಾಗಿತ್ತು. ಒಂದು ಬಾಗಿಲೂ ಕಿರುಗುಟ್ಟಲಿಲ್ಲ, ಒಂದು ಮೂಲೆಯೂ ಸೊಟ್ಟಗಿರಲಿಲ್ಲ. ಬಡಗಿ ಹಿಂದಿನಿಂದ ಬರುತ್ತಿದ್ದ, ಆದರೆ ಏನನ್ನೂ ತೋರಿಸುತ್ತಿರಲಿಲ್ಲ. ಫೋನಿನಲ್ಲಿ ಒಂದು ಮೊಳೆಗೆ ಕಾಲು ಗಂಟೆ ಮಾತಾಡುತ್ತಿದ್ದವನ ಬಾಯಿಗೆ ಈಗ ಬೀಗ.

ಅಡುಗೆಮನೆಗೆ ಮೊದಲು ನುಗ್ಗಿದವಳು ಅಕ್ಕ. ನೋಡಿದಳು. ತಂಗಿಯ ತೋಳು ಹಿಡಿದು ಎಳೆದು ಅಡುಗೆ ಕಟ್ಟೆಯ ಮುಂದೆ ನಿಲ್ಲಿಸಿದಳು.

ಕಟ್ಟೆಯ ಕಲ್ಲು ಅವಳ ಎದೆಗೆ ಬಂತು. ಒಲೆಯ ಮೇಲೆ ಪಾತ್ರೆ ಇಟ್ಟರೆ ಒಳಗೇನಿದೆ ಎಂದು ಇಣುಕಲು ತುದಿಗಾಲಲ್ಲಿ ನಿಲ್ಲಬೇಕು. ಮೇಲಿನ ಕಪಾಟು ಆಕಾಶದಲ್ಲಿತ್ತು. ಸಿಂಕಿನ ನಲ್ಲಿಗೆ ಕೈ ಚಾಚಿದಳು. ಬೆರಳ ತುದಿ ತಾಗಿತು, ತಿರುಗಿಸಲು ಆಗಲಿಲ್ಲ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸಾಕಾಗದೆ ಸೆರಗು ತೆಗೆದು ನಕ್ಕಳು.

"ಏನಪ್ಪಾ ಇದು, ಒಂಟೆ ಅಡುಗೆ ಮಾಡುತ್ತೆ ಅಂತ ಕಟ್ಟಿದ್ಯಾ?"

"ಅಳತೆ ತಪ್ಪಿದೆ ಅಕ್ಕಾ," ಅಂದ ಬಡಗಿ.

"ಅಳತೆ ತಗೊಂಡಿದ್ರೆ ತಾನೇ ತಪ್ಪೋದು! ನೀನು ತಗೊಂಡೇ ಇಲ್ವಲ್ಲ! ಇವಳನ್ನ ನೋಡಿದೋರು ಯಾರಾದ್ರೂ ಇಂಥ ಕಟ್ಟೆ ಕಟ್ತಾರಾ?"

"ನೋಡಿದ್ದೆ. ಫೋನಲ್ಲಿ. ಫೋನಲ್ಲಿ ತುಂಬಾ ಉದ್ದ ಇದ್ರು."

ನರ್ಸಿಗೆ ಆಗ ಹೊಳೆಯಿತು. ಫೋನು ಕೆಳಗೆ ಡಬ್ಬಿಗೆ ಒರಗಿರುತ್ತಿತ್ತು. ಅವಳು ಮೇಲಿರುತ್ತಿದ್ದಳು.

"ನಾನು ಸ್ಟೂಲ್ ಮೇಲೆ ನಿಂತಿರ್ತಿದ್ದೆ," ಅಂದಳು.

"ಸ್ಟೂಲ್ ಯಾವತ್ತೂ ಕಾಣಲಿಲ್ಲ ಮೇಡಂ."

ಅಕ್ಕನಿಗೆ ನಗು ಇನ್ನೂ ಹೆಚ್ಚಾಯಿತು. ಅವಳು ಬಾತ್‌ರೂಮಿಗೆ ಹೋಗಿ ಅಲ್ಲಿನ ಕನ್ನಡಿ ನೋಡಿ ಅಲ್ಲಿಂದಲೇ ಕೂಗಿದಳು: "ಗಿಡ್ಡೀ, ಬಾರೇ! ಇಲ್ಲಿ ನಿನ್ನ ಬೈತಲೆ ಮಾತ್ರ ಕಾಣುತ್ತೆ! ಇನ್ಮೇಲೆ ಮುಖ ತೊಳೆಯೋ ಕೆಲಸವೇ ಇಲ್ಲ!"

ನರ್ಸ್ ನಗಲಿಲ್ಲ. ಆ ಹೊರದೇಶದಲ್ಲಿ ಎಲ್ಲವೂ ಎತ್ತರವಿತ್ತು. ಅಂಗಡಿಯ ಮೇಲಿನ ಸಾಲಿನಿಂದ ಏನು ಬೇಕಾದರೂ ಗುರುತಿಲ್ಲದವರನ್ನು ಕೇಳಬೇಕು. ಬಸ್ಸಿನ ಹಿಡಿಕೆ ಎಟುಕುವುದಿಲ್ಲ. ಕೋಟಿನ ತೋಳು ಮಡಚದೆ ಬೆರಳು ಕಾಣುವುದಿಲ್ಲ. ಹನ್ನೆರಡು ವರ್ಷ ಸ್ಟೂಲನ್ನು ಕಾಲಲ್ಲಿ ನೂಕಿಕೊಂಡೇ ಬದುಕಿದವಳು. ನನ್ನ ಊರು, ನನ್ನ ಮನೆ, ಅಲ್ಲಾದರೂ ಕಾಲು ನೆಲದ ಮೇಲಿರುತ್ತೆ ಅಂದುಕೊಂಡು ಬಂದಿದ್ದಳು. ಬಂದರೆ ಈ ಮನೆ ಬೇರೆ ಯಾರದೋ. ಅವನ ತಲೆಯಲ್ಲಿದ್ದ ಒಬ್ಬ ಉದ್ದನೆಯ ಹೆಂಗಸಿನದು.

"ಎಲ್ಲಾ ಸರಿ ಮಾಡ್ತೀನಿ ಮೇಡಂ. ನಾಳೆ ಬರ್ತೀನಿ," ಅಂದು ಬಡಗಿ ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ಕಿಟಕಿ ನೋಡುತ್ತಿದ್ದಳು; ಕಿಟಕಿಯ ಗಾಜಿನಲ್ಲಿ ಅವನು ತಿರುಗಿದ್ದು ಕಂಡಿತು.

"ಒಳ್ಳೇ ಹುಡುಗ. ಮದುವೆ ಆಗಿದ್ಯಾ ಕೇಳಿದ್ಯಾ?" ಅಂದಳು ಅಕ್ಕ.

"ನಾನ್ಯಾಕೆ ಕೇಳ್ಲಿ?"

"ಬಿಡು, ನಾನು ಕೇಳಿದೆ. ಆಗಿಲ್ಲವಂತೆ. ಕೇಳಿದ್ದಕ್ಕೆ ಟೇಪನ್ನ ಮೂರು ಸಲ ಎಳೆದು ಮೂರು ಸಲ ಬಿಟ್ಟ."

"ಅಕ್ಕಾ, ನಿನಗೆ ಬಸ್ಸು ಎಷ್ಟು ಹೊತ್ತಿಗೆ?"

"ಓಡಿಸ್ತಿದ್ಯಾ? ಬೆಳಿಗ್ಗೆ ಹೋಗ್ತೀನಿ. ನಿನ್ನ ಭಾವನಿಗೆ ನೀರು ಕಾಯಿಸೋಕೂ ಬರಲ್ಲ, ಪಾತ್ರೆ ಕರಗಿಸಿಟ್ಟಿರ್ತಾರೆ."

ಮರುದಿನ ಅಕ್ಕ ಹೋದ ಮೇಲೆ ಅವಳು ಖಾಲಿ ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಟೀ ಕಾಯಿಸಿದಳು. ಬಡಗಿ ಬಂದ. ಡಬ್ಬದ ಮೇಲೆ ನಿಂತವಳನ್ನು ನೋಡಿ ಬಾಗಿಲಲ್ಲೇ ನಿಂತ. ಈಗ ಇಬ್ಬರ ಕಣ್ಣೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಫೋನಿನಲ್ಲಿ ಇದ್ದ ಹಾಗೆ.

"ಕಲ್ಲು ಬಿಚ್ಚಬೇಕು. ಎರಡು ದಿನ ಧೂಳು," ಅಂದ.

"ಬಿಚ್ಚೋದು ಬೇಡ." ಅವಳು ಎರಡು ಲೋಟಕ್ಕೆ ಟೀ ಬಗ್ಗಿಸಿ ಒಂದನ್ನು ಅವನ ಕಡೆ ನೂಕಿದಳು. "ಬಾಡಿಗೆಗೆ ಕೊಡ್ತೀನಿ. ಉದ್ದ ಇರೋರು ಯಾರಾದ್ರೂ ಸಿಗ್ತಾರೆ."

"ನೀವು?"

"ಹೋಗ್ತೀನಿ. ಅಲ್ಲಿ ನನ್ನ ಜಾಗ ಇನ್ನೂ ಖಾಲಿ ಇದೆ. ನಾಳೆ ಹೇಳ್ಬೇಕು."

ಅವನು ಲೋಟ ಮುಟ್ಟಲಿಲ್ಲ.

"ಕಟ್ಟೆ ಎತ್ತರ ಆಯ್ತು ಅಂತ ದೇಶ ಬಿಡ್ತಾರಾ ಯಾರಾದ್ರೂ?"

"ಕಟ್ಟೆಗಲ್ಲ."

"ಮತ್ತೆ?"

ಅವಳಿಗೆ ಸುತ್ತಿಬಳಸಿ ಮಾತಾಡಿ ಅಭ್ಯಾಸವಿರಲಿಲ್ಲ. ಸಾಯುವವರ ಪಕ್ಕ ಹನ್ನೆರಡು ವರ್ಷ ಕೂತವಳಿಗೆ ಅಷ್ಟೊಂದು ಪುರುಸೊತ್ತು ಇರುವುದಿಲ್ಲ.

"ನಿನ್ನೆ ಬಾಗಿಲು ತೆಗೆದಾಗ ನಿಮ್ಮ ಮುಖ ನೋಡಿದೆ. ಆರ್ಡರ್ ಮಾಡಿದ್ದೊಂದು, ಮನೆಗೆ ಬಂದದ್ದೊಂದು ಅನ್ನೋ ಮುಖ. ನಿಮ್ಮ ತಪ್ಪಲ್ಲ. ನೀವು ಮಾತಾಡಿದ್ದು ಸ್ಟೂಲ್ ಮೇಲಿದ್ದವಳ ಜೊತೆ. ಇಳಿದ ಮೇಲೆ ನಾನು ಇಷ್ಟೇ."

ಬಡಗಿ ಅವಳನ್ನೇ ನೋಡಿದ. ಆಮೇಲೆ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಹೊಡೆದ ಸದ್ದು ಖಾಲಿ ಅಡುಗೆಮನೆಯಲ್ಲಿ ಜೋರಾಗಿ ಕೇಳಿಸಿತು.

"ಅಯ್ಯೋ, ಆ ಮುಖ ನಿಮ್ಮನ್ನ ನೋಡಿ ಅಲ್ಲ! ನಿಮ್ಮ ತಲೆ ನನ್ನ ಜೇಬಿನ ಹತ್ತಿರ ಬಂತು ನೋಡಿ, ಆ ಕ್ಷಣಕ್ಕೆ ಈ ಕಟ್ಟೆ ಕಣ್ಮುಂದೆ ಬಂತು. ಕನ್ನಡಿ ಬಂತು. ಕಪಾಟು ಬಂತು. ಒಂದೊಂದಾಗಿ ಬಂದ್ವು. ಸತ್ತೆ ಅಂದ್ಕೊಂಡೆ."

ಅವಳು ನಂಬಲೋ ಬೇಡವೋ ಎಂದು ಟೀ ಕುಡಿದಳು.

"ಎಲ್ಲ ಗಿರಾಕಿಗಳ ಅಳತೆಯನ್ನೂ ಕೇಳ್ತೀರಂತೆ. ನನ್ನ ಫ್ರೆಂಡ್ ಹೇಳಿದ್ಲು. ಅವಳ ಅತ್ತೆಯ ಅಳತೆಯನ್ನೂ ಕೇಳಿದ್ರಂತೆ. ನನ್ನನ್ನ ಯಾಕೆ ಕೇಳಲಿಲ್ಲ?"

ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಅದರ ತುದಿ ನೋಡಿ, ಮತ್ತೆ ಜೇಬಿಗಿಟ್ಟ.

"ಒಂದಿನ ನೀವು ಪಾತ್ರೆ ತೊಳೀತಾ ಸೊಂಟ ಹಿಡ್ಕೊಂಡ್ರಿ. ಏನಾಯ್ತು ಅಂದೆ. ವಾರವಿಡೀ ಮುದುಕರ ಮಂಚದ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಿದ್ದುಹೋಗಿದೆ ಅಂದ್ರಿ. ನಕ್ಕೊಂಡು ಅಂದ್ರಿ. ನನಗೆ ನಗು ಬರಲಿಲ್ಲ. ಇಲ್ಲಿ ಬಂದಮೇಲಾದ್ರೂ ಬಗ್ಗೋದು ಬೇಡ ಅಂತ ಕಟ್ಟೆ ಏರಿಸಿದೆ. ಕಟ್ಟೆ ಏರಿತು ಅಂತ ಕಪಾಟು, ಕಪಾಟು ಏರಿತು ಅಂತ ಕನ್ನಡಿ."

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಯಾಕೆ ಅಂತಿದ್ರಿ."

"ಅಂದ್ರೆ?"

"ಯಾಕೆ ಅಂತ ನಾನು ನನಗೇ ಹೇಳ್ಕೊಂಡಿರಲಿಲ್ಲ. ನಿಮಗೆ ಏನಂತ ಹೇಳ್ಲಿ? ಗಿರಾಕಿ ಹತ್ರ ಹೇಳೋ ಮಾತಾ ಅದು?"

ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡಲು ನೋಡುತ್ತಿದ್ದರು. ಕೊನೆಗೆ ಅದು ಸ್ಟಾರ್ಟ್ ಆಯಿತು.

ಅವಳು ಡಬ್ಬದಿಂದ ಇಳಿದಳು. ಇಳಿದು ಅವನ ಮುಂದೆ ನೆಟ್ಟಗೆ ನಿಂತಳು, ಶಾಲೆಯಲ್ಲಿ ಎತ್ತರ ಅಳೆಯಲು ನಿಲ್ಲುವ ಹಾಗೆ.

"ತಗೊಳ್ಳಿ ಅಳತೆ."

"ಈಗ್ಲಾ?"

"ಮತ್ತೆ ಯಾವಾಗ? ಅಕ್ಕ ಬಂದು ಇನ್ನೊಂದು ಸಲ ನಕ್ಕಮೇಲಾ?"

ಅವನು ಮಂಡಿಯೂರಿ ಕೂತ. ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಪಕ್ಕ ನೆಲಕ್ಕೆ ಒತ್ತಿ ಮೇಲಕ್ಕೆ ಎಳೆದ. ಕಟ್ಟೆಯ ಅಳತೆ ಮೊಣಕೈಯಿಂದ ಶುರು. ಅವಳು ಕೈ ಮಡಚಿ ಹಿಡಿದಿದ್ದಳು. ಅವನು ಟೇಪನ್ನು ಅವಳ ಮೊಣಕೈಗೆ ಸೋಕದ ಹಾಗೆ, ಬಿಸಿ ಪಾತ್ರೆಯ ಪಕ್ಕ ಹಿಡಿದ ಹಾಗೆ, ದೂರವೇ ಹಿಡಿದ.

"ಹೀಗೆ ಗಾಳಿಯಲ್ಲಿ ಅಳೆದ್ರೆ ಮತ್ತೆ ತಪ್ಪುತ್ತೆ," ಅಂದಳು.

ಅವನು ಬೆರಳಿಟ್ಟ. ಹೆಬ್ಬೆರಳ ಉಗುರು ಈಗಲೂ ಕಪ್ಪಗಿತ್ತು. ಬೆರಳು ಒರಟು, ಇಟ್ಟ ರೀತಿ ಒರಟಲ್ಲ. ಕೂತವನ ಮುಖ ಮೊದಲ ಸಲ ಅವಳ ಮುಖಕ್ಕಿಂತ ಕೆಳಗಿತ್ತು. ಅವನು ತಲೆಯೆತ್ತಿದ. ಟೇಪಿನಲ್ಲಿ ನೋಡಬೇಕಾದ ಸಂಖ್ಯೆಯನ್ನು ಅವಳ ಮುಖದಲ್ಲಿ ಹುಡುಕುತ್ತಿದ್ದ.

"ಎಷ್ಟು ಬಂತು?"

"ನೋಡಲಿಲ್ಲ."

"ಮತ್ತೆ ಅಷ್ಟು ಹೊತ್ತು ಏನು ನೋಡಿದ್ರಿ?"

ಅವನು ಕೆಮ್ಮಿದ. ಟೇಪು ನೋಡಿದ. ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಗೆರೆಗೂ ಕಲ್ಲಿಗೂ ನಡುವೆ ಗೇಣು ಅಂತರ ಉಳಿಯಿತು. ಇಬ್ಬರೂ ಅದನ್ನು ನೋಡಿದರು. ಈಗ ಅವಳಿಗೆ ನಗು ಬಂತು. ಅವನಿಗೂ ಬಂತು. ಅಕ್ಕನ ಹಾಗೆಯೇ, ತಡೆಯಲಾಗದೆ.

"ಇವತ್ತೇ ಬಿಚ್ಚಲಾ?" ಅಂದ.

ಅವಳು ಕಟ್ಟೆಯ ಉದ್ದಕ್ಕೂ ಕೈಯಾಡಿಸಿಕೊಂಡು ನಡೆದಳು. ಒಲೆಯಿಂದ ಸಿಂಕಿನವರೆಗೆ. ಸಿಂಕಿನ ಹತ್ತಿರ ನಿಂತಳು.

"ಅರ್ಧ ಬಿಚ್ಚು. ಒಲೆ ಕಡೇದು ಇಳಿಸು. ಸಿಂಕ್ ಕಡೇದು ಹಾಗೇ ಇರ್ಲಿ."

"ಸಿಂಕ್ ಕಡೆ ನಿಮಗೆ ಎಟುಕಲ್ಲ."

"ಗೊತ್ತು."

"ನಲ್ಲಿ ತಿರುಗಿಸೋಕೂ ಆಗಲ್ಲ."

"ಗೊತ್ತು ಅಂದ್ನಲ್ಲ. ಅಲ್ಲಿ ನಾನ್ಯಾಕೆ ನಿಲ್ಲಲಿ?"

ಅವನು ಸಿಂಕ್ ನೋಡಿದ. ಹತ್ತಿರ ಹೋದ. ಕಲ್ಲು ಅವನ ಸೊಂಟಕ್ಕೆ ಹೇಳಿ ಮಾಡಿಸಿದ ಹಾಗೆ ಬಂತು.  ಅರ್ಥವಾಗುವುದು ಅವನ ಬೆನ್ನಿನಲ್ಲೇ ಕಾಣಿಸಿತು.

"ಪಾತ್ರೆ ತೊಳೆಯೋನು ನಾನಾ?"

"ಬೇರೆ ಯಾರನ್ನ ಕರೀಲಿ?"

"ದಿನಾನಾ?"

"ದಿನಾ."

ಅವಳು ಫೋನು ತೆಗೆದು ಅಲ್ಲೇ, ಅವನ ಎದುರಿಗೇ, ಮೇಟ್ರನ್‌ಗೆ ಕರೆ ಮಾಡಿದಳು. ಆ ಕಡೆಯ ಭಾಷೆ ಅವನಿಗೆ ತಿಳಿಯದು. ಅವಳು ಒಂದು ಮಾತು ಹೇಳಿದಳು, ಕೇಳಿಸಿಕೊಂಡಳು, ಇನ್ನೊಂದು ಹೇಳಿದಳು. ಅತ್ತಲಿಂದ ಮುದಿ ಹೆಂಗಸಿನ ನಗು ಹೊರಗೆಲ್ಲ ಕೇಳಿಸಿತು. ಇವಳ ಕಣ್ಣು ಒದ್ದೆಯಾಗಿತ್ತು. ಹನ್ನೆರಡು ವರ್ಷದ ಕೆಲಸ ಎರಡು ಮಾತಿನಲ್ಲಿ ಮುಗಿದಿತ್ತು. ಮುಂಗೈಯಿಂದ ಒರೆಸಿಕೊಂಡಳು.

"ಏನಂದ್ರು?"

"ಯಾಕೆ ಅಲ್ಲೇ ಉಳೀತೀಯ ಅಂತ ಕೇಳಿದ್ರು."

"ನೀವೇನಂದ್ರಿ?"

"ಪಾತ್ರೆ ತೊಳೆಯೋಕೆ ಆಳು ಸಿಕ್ಕಿದ್ದಾನೆ ಅಂದೆ."

ಬಡಗಿ ತನ್ನ ಲೋಟದ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದ. ಅವಳ ಲೋಟವನ್ನೂ ಎತ್ತಿಕೊಂಡು ಸಿಂಕಿಗೆ ತಿರುಗಿ ನಲ್ಲಿ ಬಿಟ್ಟ. ಮುಖ ಕಾಣುತ್ತಿರಲಿಲ್ಲ. ಕಿವಿ ಕೆಂಪಾಗಿದ್ದದ್ದು ಕಾಣುತ್ತಿತ್ತು. ಇದ್ದದ್ದು ಎರಡೇ ಲೋಟ. ಅವನು ಬಹಳ ಹೊತ್ತು ತೊಳೆದ.