ಗುಡಿಸಿದ ರಸ್ತೆ

೧೯೬೩ರ ಜನವರಿ ೧೮, ಶುಕ್ರವಾರ. ಸಂಜೆ ಐದೂ ನಲವತ್ತಕ್ಕೆ ಸಾರಕ್ಕಿಯ ರೈತ ಚಿಕ್ಕಬೈರಪ್ಪ ಜಯನಗರ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಕನಕಪುರ ರಸ್ತೆಯಲ್ಲಿ ಕಾರೊಂದು ತನ್ನ ತಮ್ಮ ತಿಮ್ಮರಾಯಪ್ಪನ ಎತ್ತಿನ ಗಾಡಿಗೆ ಗುದ್ದಿದೆ, ತಮ್ಮ ಸತ್ತಿದ್ದಾನೆ ಎಂಬುದು ದೂರು. ಎಫ್‌ಐಆರ್ ದಾಖಲಾಯಿತು. ಕಾರು ಓಡಿಸುತ್ತಿದ್ದ ಬಟ್ಟೆ ವ್ಯಾಪಾರಿ ಚನ್ನಬಸವಯ್ಯ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಏಳು ಗಂಟೆಗೆಲ್ಲ ಲಾಕಪ್ಪಿನಲ್ಲಿದ್ದ.

"ಎಷ್ಟು ಸ್ಪೀಡಲ್ಲಿದ್ರಿ?" ಇನ್ಸ್‌ಪೆಕ್ಟರ್ ಜಯದೇವಪ್ಪ ಕೇಳಿದರು.

"ಮೂವತ್ತು ಮೈಲಿ ಸಾರ್. ಚಕ್ರಕ್ಕೆ ಸಿಕ್ಕಿ ಕಾಳು ಬಿಡ್ಲಿ ಅಂತ ರಸ್ತೆ ತುಂಬ ಹುರುಳಿ ಗಿಡ ಹರಡಿದ್ರು. ಎದುರಿಗೆ ಗಾಡಿ ಬಂತು, ಬ್ರೇಕ್ ಹಾಕ್ದೆ. ಕಾರು ಜಾರ್ಕೊಂಡೇ ಹೋಯ್ತು. ಸ್ಟೀರಿಂಗ್ ಕೈಗೆ ಬರ್ಲಿಲ್ಲ. ಆಮೇಲೆ ಜ್ಞಾನ ಇಲ್ಲ."

"ಅಲ್ಲಿ ಒಂದು ಕಡ್ಡೀನೂ ಇಲ್ವಲ್ರೀ."

"ಇತ್ತು ಸಾರ್! ನನ್ನನ್ನ ನಂಬಿ, ಕೈ ಮುಗೀತೀನಿ."

ಸಿಕ್ಕಿಬಿದ್ದವರೆಲ್ಲ ಹೇಳುವುದೇ ಹೀಗೆ. ಆದರೂ ಕಂಬಿ ಹಿಡಿದು ಮಗುವಿನಂತೆ ಅಳುತ್ತಿದ್ದವನನ್ನು ಕಂಡು ಜಯದೇವಪ್ಪನವರಿಗೆ ಸಂಕಟವಾಯಿತು.

ಮರುದಿನ ಬೆಳಗ್ಗೆ ಏಳಕ್ಕೆ ಸ್ಥಳದ ಪಂಚನಾಮೆ. ಟಾರು ರಸ್ತೆ ಹಬ್ಬದ ದಿನದ ಅಂಗಳದಷ್ಟು ಚೊಕ್ಕಟವಾಗಿತ್ತು.

"ಹೆಡ್‌ಲೈಟ್ ಪುಡಿಪುಡಿ ಆಗಿದೆ. ಗಾಜೆಲ್ರೀ ಏಕಾಂತಯ್ಯ?"

ಕಾನ್‌ಸ್ಟೇಬಲ್ ಏಕಾಂತಯ್ಯ ಬಗ್ಗಿ ಬಗ್ಗಿ ಹುಡುಕಿದ. ಒಂದು ಚೂರೂ ಇಲ್ಲ. ಜಯದೇವಪ್ಪ ನೇರ ಚಿಕ್ಕಬೈರಪ್ಪನ ಹಿತ್ತಲಿಗೆ ನಡೆದರು. ಅಲ್ಲಿ ಹುರುಳಿ ಗಿಡದ ರಾಶಿಯೊಳಗೆ ಕೈ ಹಾಕಿದ ಏಕಾಂತಯ್ಯನ ಬೆರಳು ಗಾಜಿಗೆ ಕೊಯ್ದುಹೋಯಿತು.

"ಕಾರಿನ ಗಡಿಯಾರ ನಾಲ್ಕೂ ಐದಕ್ಕೆ ನಿಂತಿದೆ," ಎಂದರು ಜಯದೇವಪ್ಪ. "ಠಾಣೆ ಎರಡು ಮೈಲಿ. ಅಷ್ಟು ಹೊತ್ತು ಏನ್ ಮಾಡ್ತಿದ್ದೆ?"

ಚಿಕ್ಕಬೈರಪ್ಪ ಏಕಾಂತಯ್ಯನ ಕಡೆ ನೋಡಿದ. "ಮತ್ತೆ ರಸ್ತೇಲಿ ಹರಡಿದ್ರೆ ಒಳಗೆ ಹಾಕ್ತೀನಿ ಅಂತ ಹೋದ ವಾರ ಇವ್ರೇ ಅಂದಿದ್ರು. ಹೆದರ್ಕೊಂಡು ಗುಡಿಸ್ದೆ ಸಾರ್."

"ನಿನ್ನ ತಮ್ಮ?"

"ಕಾಲು ಮುರಿದಿದೆ ಅಷ್ಟೇ ಅಂದ್ಕೊಂಡೆ. ಮಾತಾಡ್ತಿದ್ದ."

ಏಕಾಂತಯ್ಯ ಬೆರಳಿನ ರಕ್ತ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ. ಬೇಗ ತಂದಿದ್ದರೆ ತಿಮ್ಮರಾಯಪ್ಪ ಉಳಿಯುತ್ತಿದ್ದ ಎಂದು ಆಸ್ಪತ್ರೆಯ ಡಾಕ್ಟರು ಹಿಂದಿನ ಸಂಜೆಯೇ ಹೇಳಿದ್ದರು.

ಹನ್ನೊಂದೂ ಇಪ್ಪತ್ತಕ್ಕೆ ಚಿಕ್ಕಬೈರಪ್ಪನ ಬಂಧನ. ಮಧ್ಯಾಹ್ನ ಚನ್ನಬಸವಯ್ಯನನ್ನು ಜಾಮೀನಿನ ಮೇಲೆ ಬಿಟ್ಟರು. ಜಯದೇವಪ್ಪ ಡೈರಿಯಲ್ಲಿ ಬರೆದರು: 'ಆರೋಪಿಯ ಒಕ್ಕಣೆ ಕಣ ಹೊಸ ಬಡಾವಣೆಗೆ ಹೋಗಿದೆ. ಅಲ್ಲಿ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಒಕ್ಕಣೆಗೆ ಬೇರೆ ಜಾಗವಿಲ್ಲ.'

ಕೋರ್ಟಿಗೆ ಹೊರಟ ಜೀಪಿನಲ್ಲಿ, ಯಾರೂ ಕೇಳದಿದ್ದರೂ, ಚಿಕ್ಕಬೈರಪ್ಪ ಬಾಯಿಬಿಟ್ಟ.

"ನೀರು ಕೇಳ್ದ ಸಾರ್. ಇದೊಂದಿಷ್ಟು ಗುಡಿಸ್ಬಿಟ್ಟು ಬಂದೆ, ತಡಿ ಅಂದೆ. ಸರಿ, ಗುಡಿಸಣ್ಣ ಅಂದ."